ಯಾರ ಕಿವಿಗೆ ಈ ಕೂಗು?

ಕೂಗಾಟ ಕಾವ್ಯವಲ್ಲ, ಘೋಷಣೆ ಕಲೆಯಲ್ಲ ಎಂದು ನಮಗೆ ಪಾಠ ಹೇಳಿದ ಪಂಡಿತರು ಬಹಳ ಮಂದಿ. ಅವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, 'ಸ್ಕಮ್' ಎಂಬ ರೆಕಾರ್ಡು ಕೇಳಿಸಬೇಕೆಂಬ ಆಸೆ ನನಗೆ. ಇಂಗ್ಲೆಂಡಿನ ನೇಪಾಮ್ ಡೆತ್ ತಂಡ 1987ರಲ್ಲಿ ಹೊರತಂದ ಮೊದಲ ಆಲ್ಬಂ ಅದು. ಸ್ಕಮ್ ಅಂದರೆ ಕೊಳೆನೀರಿನ ಮೇಲೆ ಕಟ್ಟೋ ಕೊಳಕು ಕೆನೆ. ಮನುಷ್ಯರಿಗೆ ಹೇಳಿದರೆ ಬೈಗುಳ. ಮುಖಪುಟದಲ್ಲಿ ಮೇಲೆ ಸೂಟುಧಾರಿಗಳು, ಕೆಳಗೆ ತಲೆಬುರುಡೆಗಳ ರಾಶಿ. ಬೈಗುಳ ಯಾರಿಗೆ ಅನ್ನೋದನ್ನ ಚಿತ್ರವೇ ಹೇಳುತ್ತೆ.

ತಂಡ ಹುಟ್ಟಿದ್ದು 1981ರಲ್ಲಿ, ಬರ್ಮಿಂಗ್‌ಹ್ಯಾಮ್ ಮತ್ತು ಕವೆಂಟ್ರಿ ನಡುವಿನ ಮೆರಿಡೆನ್ ಎಂಬ ಹಳ್ಳಿಯಲ್ಲಿ. ಕಟ್ಟಿದವರು ಇನ್ನೂ ಶಾಲೆಗೆ ಹೋಗುವ ಹುಡುಗರು. ವಿಯೆಟ್ನಾಮಿನ ಹಳ್ಳಿಗಳ ಮೇಲೆ ಅಮೆರಿಕ ಸುರಿದ ಬೆಂಕಿಯ ಹೆಸರನ್ನೇ ತಮಗೆ ಇಟ್ಟುಕೊಂಡರು. ಆಗ ಇಂಗ್ಲೆಂಡಿನಲ್ಲಿ ಥ್ಯಾಚರ್ ಸರ್ಕಾರ. 1982ರ ಹೊತ್ತಿಗೆ ಕೆಲಸವಿಲ್ಲದವರು 30 ಲಕ್ಷ ದಾಟಿದ್ದರು. ಮೋಟಾರು, ಲೋಹದ ಕೆಲಸ ನಂಬಿಕೊಂಡಿದ್ದ ಆ ಸೀಮೆಯಲ್ಲಿ ಒಂದೊಂದೇ ಕಾರ್ಖಾನೆಗೆ ಬೀಗ ಬೀಳುತ್ತಿತ್ತು. ಇದೇ ಬರ್ಮಿಂಗ್‌ಹ್ಯಾಮಿನಿಂದ ಇವರಿಗಿಂತ ಮೊದಲು ಬಂದ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರುಗಾರ ಟೋನಿ ಐಯೋಮಿ, ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈ ಬೆರಳ ತುದಿ ಕೊಟ್ಟು ಬಂದವನು. ಆ ಊರಿನ ಸಂಗೀತಕ್ಕೆ ಕಬ್ಬಿಣದ ಸದ್ದು ಅಲಂಕಾರಕ್ಕೆ ಬಂದದ್ದಲ್ಲ.

'ಸ್ಕಮ್'ನಲ್ಲಿ 28 ಹಾಡುಗಳಿವೆ, ಎಲ್ಲ ಸೇರಿ ಅರ್ಧ ಗಂಟೆ ಚಿಲ್ಲರೆ. ಒಂದು ಮಗ್ಗುಲು 1986ರ ಆಗಸ್ಟಿನಲ್ಲಿ, ಇನ್ನೊಂದು 1987ರ ಮೇನಲ್ಲಿ ಮುದ್ರಣವಾಯಿತು. ಎರಡಕ್ಕೂ ಬೇರೆ ಬೇರೆ ಜನ; ಎರಡರಲ್ಲೂ ಇರುವವನು ಡ್ರಮ್ ಬಾರಿಸುವ ಮಿಕ್ ಹ್ಯಾರಿಸ್ ಒಬ್ಬನೇ. ಅವನ ಬಡಿತಕ್ಕೆ ಬ್ಲಾಸ್ಟ್ ಬೀಟ್ ಅಂತಾರೆ. ಎರಡು ಕೈ, ಒಂದು ಕಾಲು ಎಷ್ಟು ಬೇಗ ಬಡೀತವೆ ಅಂದರೆ ತಾಳ ಎಣಿಕೆಗೇ ಸಿಗೋದಿಲ್ಲ, ಬರೀ ಮೊರೆತವಾಗುತ್ತೆ. ಅದರಲ್ಲೊಂದು ಹಾಡು 'ಯೂ ಸಫರ್'. ಅವಧಿ ಸುಮಾರು 1.3 ಸೆಕೆಂಡು. ಜಗತ್ತಿನ ಅತಿ ಚಿಕ್ಕ ಹಾಡೆಂದು ಗಿನ್ನೆಸ್ ದಾಖಲೆಗೆ ಹೋಯಿತು, ಜನ ನಕ್ಕರು. ನಾಲ್ಕೇ ಪದ, ಅದೂ ಒಂದು ಪ್ರಶ್ನೆ. ಪದ್ಯದಲ್ಲಿ ಮಿತವ್ಯಯ ಬೇಕು, ಒಂದು ಪದವೂ ಹೆಚ್ಚಾಗಬಾರದು ಅಂತ ನವ್ಯರು ಎಷ್ಟು ಪುಟ ಬರೆದರೋ! ತಗೊಳ್ಳಿ, ಇಲ್ಲಿದೆ ಮಿತವ್ಯಯ.

'ಮಾತೇ ತಿಳಿಯೋದಿಲ್ಲವಲ್ಲ ಮಾರಾಯ, ಇದೆಂಥ ಪ್ರತಿಭಟನೆ?' ಅಂತ ನನ್ನ ಮೇಷ್ಟ್ರು ಗೆಳೆಯರೊಬ್ಬರು ಇಯರ್‌ಫೋನು ಕಿತ್ತಿಟ್ಟರು. ನ್ಯಾಯವಾದ ಪ್ರಶ್ನೆ. ತಂಡಕ್ಕೂ ಇದು ಗೊತ್ತಿದೆ, ಅದಕ್ಕೇ ಸಾಲುಗಳನ್ನು ಅಚ್ಚುಹಾಕಿ ರೆಕಾರ್ಡಿನ ಜೊತೆ ಕೊಡುತ್ತಾರೆ. ಗಂಟಲು ಸಿಟ್ಟನ್ನು ಹೊರುತ್ತೆ, ಕಾಗದ ಅರ್ಥವನ್ನು. ಕಾಗದ ಬಿಟ್ಟು ಬರೀ ಗಂಟಲು ಕೇಳಿದವನಿಗೆ ಸಿಕ್ಕಿದ್ದು ಅರ್ಧ ಮಾತ್ರ. ಆದರೆ ಬಾಯಿ ಬಿಡಿಸಿ, ಸ್ಪಷ್ಟವಾಗಿ, ವಿನಯದಿಂದ ಹೇಳಿದ ಮಾತನ್ನು ಬೀಗ ಜಡಿದ ಯಾವ ಕಾರ್ಖಾನೆಯ ಮಾಲೀಕ ಕೇಳಿಸಿಕೊಂಡ, ಅದನ್ನೂ ಕೇಳಬೇಕಲ್ಲ?

1988ರ ಎರಡನೆಯ ಆಲ್ಬಂ ಇದೇ ಹಾದಿಯಲ್ಲಿ ಇನ್ನಷ್ಟು ಗಟ್ಟಿಯಾಗಿದೆ. ಬಿಬಿಸಿಯ ಜಾನ್ ಪೀಲ್ ಇವರನ್ನು ಕರೆಸಿ ರೇಡಿಯೋದಲ್ಲಿ ಹಾಡಿಸಿದ. ಆಮೇಲೆ ಗಾಯಕ, ಗಿಟಾರುಗಾರ ಇಬ್ಬರೂ ಬಿಟ್ಟರು. ಬಾರ್ನಿ ಗ್ರೀನ್‌ವೇ ಬಂದ, ಇವತ್ತಿಗೂ ಅವನದೇ ಗಂಟಲು. 1990ರ 'ಹಾರ್ಮೊನಿ ಕರಪ್ಷನ್' ಅನ್ನು ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಮುದ್ರಿಸಿದರು. ಸದ್ದು ಶುದ್ಧವಾಯಿತು, ಹೊಳಪು ಬಂತು. ನನಗೆ ಅದು ಇಸ್ತ್ರಿ ಮಾಡಿದ ಸಿಟ್ಟು. 1991ರಲ್ಲಿ ಹ್ಯಾರಿಸ್ ಕೂಡ ಹೋದ ಮೇಲೆ 'ಸ್ಕಮ್' ಮಾಡಿದವರಲ್ಲಿ ಒಬ್ಬರೂ ಉಳಿಯಲಿಲ್ಲ. 1987ರಲ್ಲೇ ಸೇರಿದ್ದ ಬಾಸ್ ನುಡಿಸುವ ಶೇನ್ ಎಂಬ್ಯುರಿ ಮಾತ್ರ ಹೆಸರನ್ನು ಹಿಡಿದು ನಿಂತ.

ತೊಂಬತ್ತರ ದಶಕದ್ದನ್ನು ಬೇಗ ದಾಟೋಣ. 'ಸ್ಕಮ್' ಶುರುವಾಗುವುದೇ ಬಹುರಾಷ್ಟ್ರೀಯ ಕಂಪನಿಗಳ ಹೆಸರಿನ ಹಾಡಿನಿಂದ. ಅದೇ ತಂಡದ 1994ರ ಆಲ್ಬಂ ಅಮೆರಿಕದಲ್ಲಿ ಬಂದದ್ದು ಸೋನಿ ಒಡೆತನದ ಕೊಲಂಬಿಯಾ ಮೂಲಕ! ಅದರ ಒಂದು ಹಾಡು 1995ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ಸಿನಿಮಾದ ಹಾಡುಗಳ ಜೊತೆ ಸೇರಿ ಮಾರಾಟವಾಯಿತು. ಹೊಟ್ಟೆಪಾಡು, ಒಪ್ಪೋಣ. ಆ ವರ್ಷಗಳ ಆಲ್ಬಂಗಳಲ್ಲಿ ಕೈಚಳಕ ಬೆಳೆದಿದೆ, ಕೂಗಿಗೆ ವಿಳಾಸ ಇಲ್ಲ. ಯಾರಿಗೆ ಬೈತಿದ್ದಾರೆ ಅನ್ನೋದೇ ಮಸುಕು. 2000ದಲ್ಲಿ ಹಳೆಯ ಕಂಪನಿ ಬಿಟ್ಟು, ಸಂಗೀತ ವ್ಯಾಪಾರದ ವೈರಿ ಎಂದೇ ಹೆಸರಿಟ್ಟ ಆಲ್ಬಂ ತಂದಾಗ ಮತ್ತೆ ಹಲ್ಲು ಮೂಡಿತು.

ನನ್ನ ಲೆಕ್ಕದಲ್ಲಿ 'ಸ್ಕಮ್'ನ ಪಕ್ಕ ನಿಲ್ಲುವುದು 2015ರ 'ಏಪೆಕ್ಸ್ ಪ್ರೆಡೇಟರ್ – ಈಜಿ ಮೀಟ್'. ದೊಡ್ಡ ಬೇಟೆಮೃಗ, ಸುಲಭಕ್ಕೆ ಸಿಗೋ ಮಾಂಸ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಕೆಲಸಕ್ಕೆ ಕರೆಸಿದರು. ಸತ್ತವರು 1,134 ಮಂದಿ, ಹೆಚ್ಚಿನವರು ಹೊಲಿಗೆಯ ಹೆಣ್ಣುಮಕ್ಕಳು. ಆಲ್ಬಂ ಹುಟ್ಟಿದ್ದು ಆ ಅವಶೇಷದಿಂದ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗಿಬರುವವರ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೀರ್ಷಿಕೆಯ ಹಾಡು ಮೊದಲನೆಯದು. ಅದರಲ್ಲಿ ಓಟವೇ ಇಲ್ಲ. ನಿಧಾನಕ್ಕೆ, ಭಾರವಾಗಿ, ಸುತ್ತಿಗೆ ಎತ್ತಿ ಇಳಿಸಿದ ಹಾಗೆ ಮಂತ್ರದಂತೆ ಗೊಣಗುತ್ತಾರೆ. ವೇಗಕ್ಕೇ ಹೆಸರಾದವರು ಇಲ್ಲಿ ವೇಗವನ್ನು ತಡೆದು ನಿಲ್ಲಿಸಿದ್ದಾರೆ. ಆ ತಡೆ ಎದೆ ಒತ್ತುತ್ತೆ.

ಆದರೆ ಗೆಳೆಯರೆ, ನಾವು ಬಿಡದೆ ಕೇಳುವ ಪ್ರಶ್ನೆ ಇಲ್ಲೂ ಇದೆ. ಸತ್ತವರು ಢಾಕಾದ ಹೆಂಗಸರು, ಕೂಗುವವರು ಇಂಗ್ಲಿಷ್ ಗಂಡಸರು. ಹುಡುಗರಾಗಿ 'ಸ್ಕಮ್' ಮಾಡಿದವರು ತಮ್ಮೂರಿನ ಗಾಳಿಯನ್ನೇ ಕೂಗಿದರು. ಇಲ್ಲಿ ನೋವು ಎರವಲು. ಅನುಭವ ಇಲ್ಲದ ಅನುಕಂಪ ಎಷ್ಟು ಬೇಗ ಸುಳ್ಳಾಗುತ್ತೆ ಅಂತ ನಾವು ಕಂಡಿದ್ದೇವೆ. ಈ ಆಲ್ಬಂ ಆ ಗುಂಡಿಗೆ ಬೀಳದೆ ಉಳಿದದ್ದು ಯಾಕೆಂದರೆ, ಗ್ರೀನ್‌ವೇ ಹೊಲಿಗೆಯವಳ ದನಿಯಲ್ಲಿ ಅಳಲು ಹೋಗುವುದಿಲ್ಲ. ಆ ಕಟ್ಟಡದಲ್ಲಿ ಹೊಲಿದ ಬಟ್ಟೆ ಇಂಗ್ಲೆಂಡಿನ ಅಂಗಡಿಗಳಲ್ಲೇ ತೂಗಾಡುತ್ತಿತ್ತು. ಅವನು ಬೈಯುವುದು ಆ ಅಂಗಡಿಯನ್ನ, ಅಗ್ಗಕ್ಕೆ ಸಿಕ್ಕಿತೆಂದು ತೊಟ್ಟುಕೊಂಡ ತನ್ನ ಜನವನ್ನ. ವಿಳಾಸ ಸರಿಯಾಗಿದೆ. ಅಷ್ಟಿದ್ದರೂ ಆ ಹೆಂಗಸರಲ್ಲಿ ಒಬ್ಬಳ ಹೆಸರಾದರೂ, ಅವಳ ಒಂದು ಬಂಗಾಳಿ ಮಾತಾದರೂ ಅಲ್ಲಿಲ್ಲ ಅನ್ನೋ ಕೊರತೆ ನನಗೆ ನೀಗಿಲ್ಲ.

2020ರಲ್ಲಿ ಇನ್ನೊಂದು ಪೂರ್ಣ ಆಲ್ಬಂ ಬಂತು; ಹೊರಗಿನವರೆಂದು ದೂಡಲ್ಪಟ್ಟವರ ಪರವಾಗಿದೆ, ಕೆಲವು ಹಾಡುಗಳು ಚೆನ್ನಾಗಿವೆ. ಹೊಸದಾಗಿ ಕೇಳುವವರು 'ಸ್ಕಮ್'ನ ಮೊದಲ ಮಗ್ಗುಲಿನಿಂದ ಹಿಡಿಯಿರಿ, ಅಲ್ಲಿಂದ ನೆಟ್ಟಗೆ 2015ಕ್ಕೆ ಬನ್ನಿ. ಸಾಲುಗಳ ಹಾಳೆ ಕೈಯಲ್ಲಿರಲಿ.