ಬೃಹತ್ ಫೈಲುಗಳೂ ಕನ್ನಡ ಪಠ್ಯವೂ: ಒಂದು ವಿಮರ್ಶೆ

ಗಣಕಯಂತ್ರದಲ್ಲಿ ಪಠ್ಯವನ್ನು ತಿದ್ದಲು ಬಳಸುವ ಟೆಕ್ಸ್ಟ್ ಎಡಿಟರುಗಳು ಸಣ್ಣ ಫೈಲುಗಳನ್ನು ಲೀಲಾಜಾಲವಾಗಿ ನಿರ್ವಹಿಸುತ್ತವೆ. ಫೈಲು ಬೆಳೆದಂತೆ ತೊಡರತೊಡಗುತ್ತವೆ. ನಿಘಂಟು, ಶಾಸನಸಂಪುಟ, ಯಕ್ಷಗಾನ ಪ್ರಸಂಗಗಳ ಸಂಕಲನ ಮೊದಲಾದ ಕಾರ್ಯಗಳಲ್ಲಿ ನಿರತರಾದವರಿಗೆ ಇದು ಕೇವಲ ಕಾಲಹರಣದ ಪ್ರಶ್ನೆಯಲ್ಲ. ಫೈಲನ್ನು ಹಲವು ಭಾಗಗಳಾಗಿ ಒಡೆದುಕೊಂಡರೆ ಒಂದು ಭಾಗದಲ್ಲಿ ಮಾಡಿದ ತಿದ್ದುಪಡಿ ಮತ್ತೊಂದರಲ್ಲಿ ಬಿಟ್ಟುಹೋಗಿ ಗ್ರಂಥದ ಏಕರೂಪತೆಯೇ ಕೆಡುವ ಸಂಭವವುಂಟು. ಆದುದರಿಂದ ಈ ದಿಕ್ಕಿನಲ್ಲಿ ನಡೆದ ಒಂದು ಮುಖ್ಯ ಪ್ರಯತ್ನವನ್ನು ಕನ್ನಡದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆಂದು ಭಾವಿಸಿದ್ದೇವೆ.

ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಎಡಿಟರಿನ ನಿರ್ಮಾಪಕರು ತಮ್ಮ ಪಠ್ಯಸಂಗ್ರಹ ಕ್ರಮವನ್ನು ಬದಲಾಯಿಸಿದ ವಿವರವನ್ನು 2018ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿದರು. ಹಿಂದಿನ ಕ್ರಮದಲ್ಲಿ ಪ್ರತಿಯೊಂದು ಸಾಲಿಗೂ ಪ್ರತ್ಯೇಕ ದಾಖಲೆಯಿತ್ತು. ಬಳಕೆದಾರರೊಬ್ಬರ 35 ಎಂಬಿ ಫೈಲಿನಲ್ಲಿ 137 ಲಕ್ಷ ಸಾಲುಗಳಿದ್ದುದರಿಂದ ಸುಮಾರು 600 ಎಂಬಿ ಮೆಮೊರಿ ಬೇಕಾಗಿ, ಫೈಲು ತೆರೆಯಲೇ ಇಲ್ಲ. ಹೊಸ ಕ್ರಮವಾದ 'ಪೀಸ್ ಟೇಬಲ್' ಮೂಲಪಠ್ಯವನ್ನು ಮುಟ್ಟುವುದಿಲ್ಲ. ಹೊಸದಾಗಿ ಸೇರಿದುದನ್ನು ಬೇರೆಡೆ ಬರೆದಿಟ್ಟು, ಯಾವ ತುಂಡಿನ ಮುಂದೆ ಯಾವ ತುಂಡು ಎಂಬುದನ್ನು ಮಾತ್ರ ಗುರುತಿಸುತ್ತದೆ. ಓಲೆಪ್ರತಿಯನ್ನು ಕೆರೆಯದೆ ತಿದ್ದುಪಾಟುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳುವ ಗ್ರಂಥಸಂಪಾದಕರ ವಿವೇಕವೇ ಇಲ್ಲಿಯೂ ಇದೆ. ಸಾಲನ್ನು ಓದಿಕೊಡುವ ಕೆಲಸದಲ್ಲಿ ಹೊಸ ಕ್ರಮವು ಹಳೆಯದಕ್ಕಿಂತ ನಿಧಾನವೆಂಬುದನ್ನೂ ಅವರು ಮರೆಮಾಚಿಲ್ಲ. ಈ ಪ್ರಾಮಾಣಿಕತೆ ಶ್ಲಾಘನೀಯ.

ನಮ್ಮ ಆಕ್ಷೇಪವಿರುವುದು ಪರೀಕ್ಷೆಯ ಸಾಮಗ್ರಿಯ ವಿಷಯದಲ್ಲಿ. ಅವರು ಬಳಸಿದ ಫೈಲುಗಳಲ್ಲಿ ದೊಡ್ಡವು ಎರಡು: 14 ಎಂಬಿಯ, 5.52 ಲಕ್ಷ ಸಾಲುಗಳ ರಷ್ಯನ್–ಇಂಗ್ಲಿಷ್ ನಿಘಂಟು. 54 ಎಂಬಿಯ, 30 ಲಕ್ಷ ಸಾಲುಗಳ ಕ್ರೋಮಿಯಂ ಮೆಮೊರಿ ದಾಖಲೆ. ಭಾಗಿಸಿ ನೋಡಿದರೆ ಸಾಲೊಂದಕ್ಕೆ ಕ್ರಮವಾಗಿ ಸುಮಾರು 25 ಮತ್ತು 18 ಬೈಟುಗಳು ಬರುತ್ತವೆ. ಸಾಲುಗಳು ಬಹಳ, ಆದರೆ ಎಲ್ಲವೂ ಗಿಡ್ಡ.

ಈಗ ಕುಂದಾಪುರದ ಸಮೀಪದ 'ತಲ್ಲೂರು' ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಓದುವವರಿಗೆ ಇದು 3 ಅಕ್ಷರ. ಯೂನಿಕೋಡಿನಲ್ಲಿ 7 ಸಂಕೇತ. ಯುಟಿಎಫ್-8 ಫೈಲಿನಲ್ಲಿ 21 ಬೈಟು. ಈ ಅಳತೆಯ 200 ಪದಗಳ ಕಂಡಿಕೆಯೊಂದು, ಪದಗಳ ನಡುವಣ ತೆರಪೂ ಸೇರಿ, 4,400 ಬೈಟುಗಳಾಗುತ್ತದೆ. ಕಂಡಿಕೆಯ ನಡುವೆ ಸಾಲು ಮುರಿಯದೆ ಬೆರಳಚ್ಚಿಸುವ ರೂಢಿಯಿರುವುದರಿಂದ ಎಡಿಟರಿನ ಪಾಲಿಗೆ ಅದೆಲ್ಲವೂ ಒಂದೇ ಸಾಲು. ಕನ್ನಡದ ಫೈಲು ಭಾರವಾದುದೇ ನಿಧಾನಕ್ಕೆ ಕಾರಣವೆಂದರೆ ನಾವು ಒಪ್ಪಲಾರೆವು. ಮೆಮೊರಿಗೆ ಬಂದಾಗ ಈ ಎಡಿಟರಿನಲ್ಲಿ ಆ 21 ಬೈಟುಗಳು 14ಕ್ಕೆ ಇಳಿಯುತ್ತವೆ. ಶ್ರಮವಿರುವುದು ಬೇರೆಡೆ: 'ಲ್ಲೂ' ಎಂಬಲ್ಲಿ 4 ಸಂಕೇತಗಳು ಕೂಡಿ ಒಂದು ಅಕ್ಷರವಾಗಿ ತೆರೆಯ ಮೇಲೆ ಮೂಡಬೇಕು, ಕರ್ಸರು ಎಲ್ಲಿ ನಿಲ್ಲಬೇಕೆಂಬುದೂ ನಿರ್ಣಯವಾಗಬೇಕು. ಒತ್ತಕ್ಷರವಿಲ್ಲದ ರಷ್ಯನ್ ಲಿಪಿಯಿಂದ ಈ ಕಷ್ಟದ ಅಳತೆ ಸಿಕ್ಕದು.

ಒಟ್ಟಿನಲ್ಲಿ, ಪಠ್ಯವನ್ನು ಸಂಗ್ರಹಿಸಿಡುವ ಪ್ರಶ್ನೆಗೆ ಈ ಕೃತಿ ಸಮರ್ಥವಾದ ಉತ್ತರವನ್ನು ಕೊಟ್ಟಿದೆ. ತಿದ್ದುವ ಪ್ರಶ್ನೆಗೆ ಅದರಿಂದ ಉತ್ತರ ದೊರೆತಿಲ್ಲ. ಎಡಿಟರು ವೇಗವಾದುದೆಂದು ಹೇಳುವ ಮೊದಲು ದೀರ್ಘವಾದ ಕನ್ನಡ ಕಂಡಿಕೆಗಳ ಫೈಲೊಂದನ್ನು ತೆರೆದು, ಕಂಡಿಕೆಯ ನಡುವೆ ಅಕ್ಷರವೊಂದನ್ನು ಒತ್ತಿದರೆ ಅದು ಎಷ್ಟು ಹೊತ್ತಿಗೆ ಮೂಡುತ್ತದೆಂದು ಅಳೆಯಬೇಕು. ಅಂಥ ಅಳತೆಯನ್ನು ಕನ್ನಡ ಬಲ್ಲವರೇ ಸಿದ್ಧಪಡಿಸಿಕೊಡಬೇಕಾಗಿದೆ. ಅಲ್ಲಿಯವರೆಗೆ ನಿಘಂಟುಕಾರರು ಫೈಲನ್ನು ಒಡೆಯದೆ, ನಮೂದಿಗೊಂದು ಸಾಲಿನಂತೆ ಬರೆದುಕೊಳ್ಳುವುದು ಕ್ಷೇಮಕರವೆಂದು ನಮ್ಮ ಅಭಿಪ್ರಾಯ.