ಹೆನ್ರಿ ಮಾರ್ಟಿನ್ನರ ದಿನಚರಿ: ಒಂದು ಮರುಓದು

ಮಿಷನರಿಗಳ ದಿನಚರಿಗಳನ್ನು ನಾವು ಬಹುಮಟ್ಟಿಗೆ ಧ್ಯಾನಗ್ರಂಥಗಳಂತೆ ಓದುತ್ತ ಬಂದಿದ್ದೇವೆ. ಬೆಳಗಿನ ಪ್ರಾರ್ಥನೆಗೆ ಒಂದು ಪುಟ, ಪ್ರಸಂಗಕ್ಕೆ ಒಂದು ದೃಷ್ಟಾಂತ, ಸೇವೆಗೆ ಅಣಿಯಾಗುವ ವಿದ್ಯಾರ್ಥಿಗೆ ಒಂದು ಎಚ್ಚರಿಕೆ: ಇಷ್ಟನ್ನು ಆರಿಸಿಕೊಂಡು ಉಳಿದುದನ್ನು ಮಡಿಚಿಡುತ್ತೇವೆ. ಹೀಗೆ ಆಯ್ದು ಓದಿದ್ದರಿಂದ ಹೆಚ್ಚು ನಷ್ಟಕ್ಕೊಳಗಾದ ಕೃತಿಗಳಲ್ಲಿ ಹೆನ್ರಿ ಮಾರ್ಟಿನ್ನರ ದಿನಚರಿಯೂ ಒಂದೆಂದು ನಾವು ಭಾವಿಸುತ್ತೇವೆ. ಬಂಗಾಳದಲ್ಲಿ ಬಂದಿಳಿದ ದಿನಗಳಲ್ಲಿ, ದೇವರಿಗಾಗಿ ತಾವು ಪೂರ್ತಿಯಾಗಿ ದಹಿಸಿಹೋಗಬೇಕೆಂಬ ಹಂಬಲದಿಂದ ಅವರು ಬರೆದ ಒಂದು ವಾಕ್ಯ ನಮ್ಮ ಪ್ರಸಂಗಪೀಠಗಳಲ್ಲಿ ಎಷ್ಟೋ ಬಾರಿ ಕೇಳಿಬಂದಿದೆ. ಆ ವಾಕ್ಯದ ಹಿಂದುಮುಂದಿನ ದಿನಗಳು ಕೇಳಿಬಂದುದು ವಿರಳ.

ಜೀವನದ ಹೊರರೇಖೆ ಓದುಗರಿಗೆ ಪರಿಚಿತವೇ. 1781ರಲ್ಲಿ ಕಾರ್ನ್‌ವಾಲಿನ ಟ್ರೂರೋದಲ್ಲಿ ಜನನ. ಕೇಂಬ್ರಿಜಿನಲ್ಲಿ 1801ರ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಚಾರ್ಲ್ಸ್ ಸಿಮಿಯೋನರ ಕೈಕೆಳಗೆ ಸಭಾಸೇವೆ. 1805ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಪ್ಲೇನರಾಗಿ ನೌಕಾಯಾನ. ಅವರು ಸಂಬಳ ಪಡೆದದ್ದು ಕಂಪನಿಯಿಂದ. ಮಿಷನರಿ ಎಂಬುದು ಹುದ್ದೆಯ ಹೆಸರಾಗಿರದೆ ಅವರ ಅಂತರಂಗದ ಹೆಸರಾಗಿತ್ತು. ದಾನಾಪುರ, ಕಾನ್ಪುರಗಳಲ್ಲಿ ಸೇವೆ, 1811ರಲ್ಲಿ ಪರ್ಷಿಯಾದ ಶಿರಾಜಿಗೆ ಪ್ರಯಾಣ, 1812ರ ಅಕ್ಟೋಬರ್ 16ರಂದು ತುರ್ಕಿಯ ಟೋಕಾಟಿನಲ್ಲಿ ಮರಣ. ಆಗ ಅವರಿಗೆ 31 ವರ್ಷ.

ದಿನಚರಿ ನಮ್ಮ ಕೈಸೇರಿದ ಬಗೆ ಮಾತ್ರ ಅಷ್ಟು ಪರಿಚಿತವಲ್ಲ. 1810ರಲ್ಲಿ ಕಾನ್ಪುರವನ್ನು ಬಿಡುವಾಗ ಮಾರ್ಟಿನ್ನರು ತಮ್ಮ ಕಾಗದಪತ್ರಗಳನ್ನು ನಾಶಮಾಡಲು ಹೊರಟಿದ್ದರು. ಸ್ನೇಹಿತರಾದ ಡೇನಿಯಲ್ ಕಾರಿಯವರು ತಡೆದು, ಮುದ್ರೆಯೊತ್ತಿ ಇಡುವಂತೆ ಒಪ್ಪಿಸಿದರು. ಜಾನ್ ಸಾರ್ಜೆಂಟರು ಆ ಕಾಗದಗಳನ್ನು ಆಧರಿಸಿ 1819ರಲ್ಲಿ ಚರಿತ್ರೆಯನ್ನು ಹೊರತಂದರು; ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸರು 1837ರಲ್ಲಿ ದಿನಚರಿಯನ್ನೂ ಪತ್ರಗಳನ್ನೂ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅಂದರೆ ನಾವು ಓದುತ್ತಿರುವುದು, ಬರೆದವರು ಯಾರೂ ಓದಬಾರದೆಂದು ಬಗೆದ ಬರೆಹವನ್ನು. ನಮ್ಮ ನಾಡಿಗೆ ಬಂದ ಬಾಸೆಲ್ ಮಿಷನಿನವರು ತಮ್ಮ ಸಮಿತಿಗೆ ವರದಿಗಳನ್ನು ಕಳುಹಿಸುತ್ತಿದ್ದರು. ಅವುಗಳ ಆಯ್ದ ಭಾಗಗಳು ಅಲ್ಲಿನ ಮಿಷನ್ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಓದುಗನಿದ್ದಾನೆಂದು ಬಲ್ಲ ಬರೆಹ ಅದು; ಅಲ್ಲಿ ಊರು, ಜನ, ಮಳೆ, ಶಾಲೆಗಳೆಲ್ಲ ಬರುತ್ತವೆ. ಮಾರ್ಟಿನ್ನರ ಬರೆಹಕ್ಕೆ ದೇವರ ಹೊರತು ಓದುಗನಿಲ್ಲ. ದೇವರಿಗೆ ಊರಿನ ವರ್ಣನೆ ಬೇಕಿಲ್ಲವಷ್ಟೆ. ಆದ್ದರಿಂದ ಅದು ತಪ್ಪೊಪ್ಪಿಗೆಯ ಕಡೆಗೇ ವಾಲುತ್ತದೆ.

ಈ ವಾಲುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಿನಚರಿಯನ್ನು ಮನುಷ್ಯನ ಪೂರ್ಣ ಚಿತ್ರವೆಂದು ತಿಳಿಯುವುದು ವಿಮರ್ಶೆಯ ದೃಷ್ಟಿಯಿಂದಲೂ ಸಭಾಪಾಲನೆಯ ದೃಷ್ಟಿಯಿಂದಲೂ ತಪ್ಪು. ಒಂದು ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. ಸೈನ್ಯಾಧಿಕಾರಿಯೊಬ್ಬರ ಪತ್ನಿಯೂ ಲೇಖಕಿಯೂ ಆಗಿದ್ದ ಮೇರಿ ಶೆರ್ವುಡ್ಡರು ಕಾನ್ಪುರದಲ್ಲಿ ಮಾರ್ಟಿನ್ನರನ್ನು ಹತ್ತಿರದಿಂದ ಕಂಡವರು. ಅವರ ನೆನಪುಗಳಲ್ಲಿ ಬರುವ ಮಾರ್ಟಿನ್ನರು ಸಂಗೀತಪ್ರಿಯರು, ಕೀರ್ತನೆಗಳನ್ನು ಹಾಡುವವರು, ಮಕ್ಕಳ ಸಂಗಡ ಮಗುವಿನಂತೆ ನಕ್ಕು ಆಡುವವರು, ಲೌಕಿಕ ವ್ಯವಹಾರಗಳಲ್ಲಿ ಏನೂ ತಿಳಿಯದವರು. ಅದೇ ಕಾಲದ ದಿನಚರಿಯಲ್ಲಿ ಈ ನಗೆ ಬಹುತೇಕ ಕೇಳಿಸುವುದಿಲ್ಲ. ಕೇಳಿಸಿದರೂ ಸಮಯವನ್ನು ಹಾಳುಮಾಡಿದ ಪಾಪವಾಗಿ ದಾಖಲಾಗುತ್ತದೆ. ಎರಡರಲ್ಲಿ ಯಾವುದು ನಿಜ? ಎರಡೂ ನಿಜವೆಂದೇ ನಾವು ಹೇಳುತ್ತೇವೆ. ಆದರೆ ಸೆಮಿನರಿಗಳಲ್ಲಿ ತಲೆಮಾರುಗಳಿಂದ ಒಂದೇ ಪ್ರತಿಯನ್ನು ಕೈಗಿತ್ತು, ಪವಿತ್ರ ಜೀವನದ ಮಾದರಿ ಇದೇ ಎಂದಿದ್ದೇವೆ. ನಗುವುದಕ್ಕೆ ಅಂಜುವ ಸಭಾಪಾಲಕರನ್ನು ನಾವೆಲ್ಲರೂ ಬಲ್ಲೆವು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಅನುವಾದ ಕಾರ್ಯಕ್ಕೆ ಸಂಬಂಧಿಸಿದ್ದು. ಮಾರ್ಟಿನ್ನರ ದಿನವನ್ನು ದಿನಚರಿಯಿಂದಲೇ ಕೂಡಿಸಿ ನೋಡೋಣ. ಸಿಪಾಯಿಗಳ ಆಸ್ಪತ್ರೆಗೆ ಭೇಟಿ, ಶವಸಂಸ್ಕಾರ, ಕಿವಿಗೊಡದ ಐರೋಪ್ಯ ಸಭೆಗೆ ಪ್ರಸಂಗ, ಶಾಲೆಗಳ ಮೇಲ್ವಿಚಾರಣೆ; ಇವುಗಳ ನಡುವೆ ಮಿರ್ಜಾ ಫಿತ್ರತರ ಸಂಗಡ ಹೊಸ ಒಡಂಬಡಿಕೆಯ ಉರ್ದು ಅನುವಾದ, ಅರಬ್ ದೇಶದ ಸಬಾತರ ಸಂಗಡ ಪರ್ಷಿಯನ್ ಮತ್ತು ಅರಬ್ಬೀ ಅನುವಾದ. ಸಬಾತರದು ಮುಂಗೋಪದ ಸ್ವಭಾವ; ಒಂದು ಶಬ್ದಕ್ಕಾಗಿ ಜಗಳ, ಮುನಿಸು, ಮತ್ತೆ ರಾಜಿ. ಹೀಗಿದ್ದೂ ಮಾರ್ಟಿನ್ನರು ಆ ಸಹವಾಸವನ್ನು ವರ್ಷಗಟ್ಟಲೆ ತಾಳಿಕೊಂಡರು. ಒಂದು ಗ್ರೀಕ್ ಪದಕ್ಕೆ ತಕ್ಕ ಮಾತನ್ನು ಅನ್ಯಭಾಷಿಕನೊಬ್ಬನ ಬಾಯಿಂದ ಕೇಳಿ, ಒಪ್ಪಿ, ತಿದ್ದಿಸಿಕೊಳ್ಳುವ ಕೆಲಸದಲ್ಲಿ ಎಷ್ಟು ದೀನತೆ ಬೇಕೆಂಬುದನ್ನು ಸತ್ಯವೇದ ಪರಿಷ್ಕರಣೆಯ ಮೇಜಿನ ಮುಂದೆ ಕುಳಿತವರು ಬಲ್ಲರು.

ದಿನಚರಿಕಾರರು ಇದನ್ನು ತಮ್ಮ ಆತ್ಮಿಕ ಜೀವನದ ಖಾತೆಗೆ ಜಮಾ ಮಾಡಲಿಲ್ಲ. ಭಾಷೆಗಳ ಮೇಲಿನ ಒಲವು ಪ್ರಾರ್ಥನೆಯ ಹೊತ್ತನ್ನು ಕದಿಯುತ್ತದೆಂದು ಅವರು ಪದೇಪದೇ ತಮ್ಮನ್ನು ದೂಷಿಸಿಕೊಳ್ಳುತ್ತಾರೆ. ಹೀಬ್ರೂ ಧಾತುಗಳ ಯೋಚನೆಯಲ್ಲಿ ನಿದ್ದೆ ಬಾರದ ರಾತ್ರಿಗಳು ಅವರಿಗೆ ಶೋಧನೆಯ ರಾತ್ರಿಗಳಾಗಿ ತೋರುತ್ತವೆ. ಇಲ್ಲಿ ನಾವು ಮಾರ್ಟಿನ್ನರನ್ನು ಒಪ್ಪಲಾರೆವು. ವಾಕ್ಯವು ನರನಾಗಿ ನಮ್ಮ ನಡುವೆ ವಾಸಿಸಿತೆಂದು ನಂಬುವ ಸಭೆಗೆ, ವಾಕ್ಯವನ್ನು ಮತ್ತೊಂದು ನುಡಿಯಲ್ಲಿ ನೆಲೆಗೊಳಿಸುವ ದುಡಿಮೆ ಪ್ರಾರ್ಥನೆಯ ಎದುರಾಳಿಯಾಗುವುದಾದರೂ ಹೇಗೆ? ನೀತೀಕರಣವನ್ನು ಕೃಪೆಯಿಂದಲೇ ಎಂದು ಸಾರಿದವರು ಪವಿತ್ರೀಕರಣವನ್ನು ದಿನದಿನದ ಲೆಕ್ಕಪತ್ರವನ್ನಾಗಿಸಿಕೊಂಡಾಗ ಹುಟ್ಟುವ ಇಕ್ಕಟ್ಟು ಇದು. ಇದು ಮಾರ್ಟಿನ್ನರೊಬ್ಬರ ದೋಷವಲ್ಲ. ಅವರನ್ನು ರೂಪಿಸಿದ ಭಕ್ತಿಸಂಪ್ರದಾಯದ ಕುಂದು. ಆ ಸಂಪ್ರದಾಯದ ವಾರಸುದಾರರು ನಾವೂ ಹೌದು.

ಲಿಡಿಯಾ ಗ್ರೆನ್‌ಫೆಲ್ಲರ ಪ್ರಸಂಗವೂ ಇದೇ ಲೆಕ್ಕಪತ್ರದಲ್ಲಿ ಸಿಕ್ಕಿಬಿದ್ದಿದೆ. ಕಾರ್ನ್‌ವಾಲಿನ ಈ ಮಹಿಳೆಯ ಮೇಲಿನ ಪ್ರೀತಿಯನ್ನು ಮಾರ್ಟಿನ್ನರು ದೀರ್ಘಕಾಲ ವಿಗ್ರಹವೆಂದು ಶಂಕಿಸಿದರು. 1806ರಲ್ಲಿ ಭಾರತದಿಂದ ಮದುವೆಯ ಪ್ರಸ್ತಾಪವನ್ನು ಬರೆದರು. ನಿರಾಕರಣೆ ಬಂದು ಮುಟ್ಟಿದ್ದು ಮರುವರ್ಷ. ಕೆಲವು ಲೇಖಕರು ಇದನ್ನು ತ್ಯಾಗದ ಕಥೆಯಾಗಿ ಅಲಂಕರಿಸಿರುವರು. ಉತ್ತರಕ್ಕಾಗಿ ವರ್ಷಕ್ಕೂ ಹೆಚ್ಚು ಕಾಲ ಹಡಗುಗಳ ದಾರಿ ನೋಡಿದ ತರುಣನ ಒಂಟಿತನವನ್ನು ಒಂಟಿತನವೆಂದೇ ಕರೆದರೆ ಅವರ ಭಕ್ತಿಗೆ ಕುಂದಾಗದು.

ಮಾರ್ಟಿನ್ನರಿಗೆ ಮೇಲ್ಪಂಕ್ತಿಯಾದುದು ಅಮೆರಿಕದ ಮೂಲನಿವಾಸಿಗಳ ನಡುವೆ ದುಡಿದು 29ನೆಯ ವಯಸ್ಸಿನಲ್ಲಿ ತೀರಿಕೊಂಡ ಡೇವಿಡ್ ಬ್ರೈನರ್ಡರ ಚರಿತ್ರೆ. ಅದನ್ನು 1749ರಲ್ಲಿ ಪ್ರಕಟಿಸಿದ ಜೋನಾಥನ್ ಎಡ್ವರ್ಡ್ಸರು ತಮ್ಮ ಮುನ್ನುಡಿಯಲ್ಲಿಯೇ, ವಿಷಣ್ಣತೆ ಮತ್ತು ಶಕ್ತಿಮೀರಿದ ದುಡಿಮೆ ಬ್ರೈನರ್ಡರ ಕೊರತೆಗಳು, ಅನುಕರಣೀಯವಲ್ಲ ಎಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಓದಿದವರು ಎಚ್ಚರಿಕೆಯನ್ನು ಮರೆತು ಮಾದರಿಯನ್ನು ಇಟ್ಟುಕೊಂಡರು. ಮಾರ್ಟಿನ್ನರ ಸಹೋದರಿಯರು ಕ್ಷಯರೋಗದಿಂದ ತೀರಿಕೊಂಡರು. ಅವರ ಎದೆಯಲ್ಲಿಯೂ ಅದೇ ರೋಗ ಬೇರೂರಿತ್ತು. ದಹಿಸಿಹೋಗುವ ಆ ವಾಕ್ಯವನ್ನು ಉದ್ಧರಿಸುವವರು ಇದನ್ನು ನೆನೆಯಬೇಕು. ಸಾಯಬೇಕೆಂದು ಬೇಡಿದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಹೊಸ ಆಜ್ಞೆಯನ್ನಲ್ಲ, ರೊಟ್ಟಿಯನ್ನೂ ನೀರನ್ನೂ.

ಫಲದ ಮಾತನ್ನೂ ಎತ್ತಬೇಕಾಗಿದೆ. ಕಾನ್ಪುರದಲ್ಲಿ ಭಾನುವಾರ ಸಂಜೆ ಮಾರ್ಟಿನ್ನರ ಮನೆಯಂಗಳದಲ್ಲಿ ನೂರಾರು ಭಿಕ್ಷುಕರು ನೆರೆಯುತ್ತಿದ್ದರು. ಅವರಿಗೆ ದಾನ ಕೊಟ್ಟು ಬೋಧಿಸುತ್ತಿದ್ದರು. ಗದ್ದಲ, ಬೈಗುಳ, ಕೆಮ್ಮು. ಈ ಬೋಧನೆ ವ್ಯರ್ಥವೆಂಬ ಭಾವನೆ ಅವರನ್ನು ಬಿಡಲಿಲ್ಲ. ಪಕ್ಕದ ತೋಟದಿಂದ ಗೇಲಿಮಾಡಲು ಬಂದ ತರುಣರಲ್ಲಿ ದೆಹಲಿಯ ಶೇಖ್ ಸಾಲಿಹ್ ಎಂಬವರಿದ್ದರು. ಮುಂದೆ ಉರ್ದು ಹೊಸ ಒಡಂಬಡಿಕೆಯ ಹಸ್ತಪ್ರತಿ ಕಟ್ಟುವುದಕ್ಕೆಂದು ಅವರ ಕೈಗೆ ಬಂದಾಗ ಓದಿಕೊಂಡರೆಂಬುದು ಪ್ರಸಿದ್ಧ ವೃತ್ತಾಂತ. 1811ರಲ್ಲಿ ಕಲ್ಕತ್ತಾದಲ್ಲಿ ದೀಕ್ಷಾಸ್ನಾನ ಪಡೆದು ಅಬ್ದುಲ್ ಮಸೀಹರಾಗಿ, ಆಗ್ರಾದಲ್ಲಿ ಸೇವೆಮಾಡಿ, ಬಿಷಪ್ ಹೀಬರರಿಂದ ಗುರುದೀಕ್ಷೆ ಹೊಂದಿದವರು ಇವರೇ. ದೀಕ್ಷಾಸ್ನಾನವಾದಾಗ ಮಾರ್ಟಿನ್ನರು ಭಾರತವನ್ನು ಬಿಟ್ಟುಹೋಗಿದ್ದರು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಆ ಮನುಷ್ಯನನ್ನು ಮುಟ್ಟಿದ ಎರಡೂ, ಅಂದರೆ ಗದ್ದಲದ ಅಂಗಳವೂ ಅನುವಾದದ ಹಸ್ತಪ್ರತಿಯೂ, ದಿನಚರಿಕಾರರು ನಿಷ್ಫಲವೆಂದೋ ಶೋಧನೆಯೆಂದೋ ಬಗೆದವುಗಳು.

ಇಷ್ಟೆಲ್ಲ ಆಕ್ಷೇಪಿಸಿದ ಮೇಲೂ ದಿನಚರಿಯನ್ನು ಬದಿಗಿಡಿರೆಂದು ನಾವು ಹೇಳುತ್ತಿಲ್ಲ. ಆಯ್ದ ವಾಕ್ಯಗಳಲ್ಲಿ ಅಲ್ಲ, ಕೊನೆಯ ಪುಟದವರೆಗೆ ಓದಿರೆಂದು ಕೇಳಿಕೊಳ್ಳುತ್ತಿದ್ದೇವೆ. ಶಿರಾಜಿನಲ್ಲಿ ಪರ್ಷಿಯನ್ ಹೊಸ ಒಡಂಬಡಿಕೆಯನ್ನು ಮುಗಿಸಿ, ತಬ್ರೀಜಿನಲ್ಲಿ ಜ್ವರದಿಂದ ಮಲಗಿ ಎದ್ದು, ಮಾರ್ಟಿನ್ನರು ಕುದುರೆಯ ಮೇಲೆ ಕಾನ್‌ಸ್ಟಾಂಟಿನೋಪಲಿನತ್ತ ಹೊರಟಿದ್ದರು. ಜೊತೆಗಿದ್ದ ತಾತಾರ ಮಾರ್ಗದರ್ಶಿ ರೋಗಿಯನ್ನು ಕರುಣೆಯಿಲ್ಲದೆ ಓಡಿಸುತ್ತಿದ್ದನು. ಅಕ್ಟೋಬರ್ 6ರಂದು ಕುದುರೆಗಳು ದೊರೆಯಲಿಲ್ಲ. ಎದುರುನೋಡದ ಬಿಡುವು ದೊರೆಯಿತು. ಅಂದಿನ ಬರೆಹದಲ್ಲಿ ಕಳೆದ ಹೊತ್ತಿಗೆ ಪಶ್ಚಾತ್ತಾಪವಿಲ್ಲ, ಆತ್ಮದೂಷಣೆಯಿಲ್ಲ. ಹಣ್ಣಿನ ತೋಟದಲ್ಲಿ ಕುಳಿತು, ಒಂಟಿತನದಲ್ಲಿ ತಮಗೆ ಗೆಳೆಯನಾದ ದೇವರನ್ನು ನೆಮ್ಮದಿಯಿಂದ ನೆನೆದೆನೆಂದು ಬರೆದಿದ್ದಾರೆ. ದಿನಚರಿ ಅಲ್ಲಿಗೆ ನಿಲ್ಲುತ್ತದೆ.