ವಿನಿಮಯಚಿತ್ರಗಳು: ಅಭ್ಯಾಸವೂ ಭಾವಕತ್ವವೂ

ಚಿತ್ರಕಲೆಯ ವಿಮರ್ಶೆಯಲ್ಲಿ ಭಿತ್ತಿಚಿತ್ರಗಳಿಗೂ ದೊಡ್ಡ ಪಟಗಳಿಗೂ ಸಲ್ಲುತ್ತಿರುವ ಗೌರವವು ಅಂಗೈಯಗಲದ ಚಿತ್ರಗಳಿಗೆ ಸಂದಿಲ್ಲ. ಅದರಲ್ಲಿಯೂ, ರೇಖೆಯನ್ನು ಆಗತಾನೆ ಕಲಿಯುತ್ತಿರುವವರು ಬರೆದು ತಮ್ಮತಮ್ಮೊಳಗೆ ಬದಲಾಯಿಸಿಕೊಳ್ಳುವ ಚಿಕ್ಕ ಚಿತ್ರಗಳನ್ನು ಕಾಲಕ್ಷೇಪದ ವಸ್ತುಗಳೆಂದು ತಳ್ಳಿಬಿಡುವುದೇ ವಾಡಿಕೆ. ಈ ವಾಡಿಕೆಯು ವಿಚಾರಸಹವೇ ಎಂಬುದು ಪ್ರಕೃತ ಪ್ರಶ್ನೆ.

ಇಂತಹ ಚಿತ್ರಗಳಲ್ಲಿ ಇಂದು ಹೆಚ್ಚು ಪ್ರಚಾರದಲ್ಲಿರುವುದು ಪಾಶ್ಚಾತ್ಯರು ‘ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್’ ಎಂದು ಕರೆಯುವ ಬಗೆ. ಕನ್ನಡದಲ್ಲಿ ಇದನ್ನು ‘ವಿನಿಮಯಚಿತ್ರ’ವೆನ್ನಬಹುದು. ಇದರ ಪ್ರವರ್ತಕರು ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದ ಕಲಾವಿದರಾದ ವಾಂಚಿ ಸ್ಟಿರ್ನೆಮನ್ ಎಂಬುವರು. ಇವರು 1997ರಲ್ಲಿ ಕೈಯಿಂದಲೇ ರಚಿಸಿದ 1,200 ಪತ್ರಗಳನ್ನು ಪ್ರದರ್ಶನಕ್ಕಿಟ್ಟು, ಅವುಗಳನ್ನು ಪಡೆಯಬಯಸಿದವರಿಗೆ ತಾವೂ ಅಂತಹ ಪತ್ರಗಳನ್ನು ರಚಿಸಿ ತಂದು ಬದಲಾಯಿಸಿಕೊಳ್ಳುವಂತೆ ತಿಳಿಸಿದರು. ಅದೇ ವರ್ಷ ಈ ಪದ್ಧತಿಯು ಕೆನಡಾ ದೇಶದ ಕ್ಯಾಲ್ಗರಿ ನಗರಕ್ಕೂ ಹಬ್ಬಿತು. ನಿಯಮಗಳು ಅತ್ಯಲ್ಪ. ಪತ್ರವು ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದ, ಎಂದರೆ 64 ಮತ್ತು 89 ಮಿಲಿಮೀಟರಿನದಾಗಿರಬೇಕು, ಹಿಂಬದಿಯಲ್ಲಿ ಕರ್ತೃವಿನ ಹೆಸರೂ ದಿನಾಂಕವೂ ಇರಬೇಕು, ಅದನ್ನು ಮಾರಕೂಡದು, ಬರೆದವರು ಎದುರುಬದುರಾಗಿ ಕುಳಿತು ವಿನಿಮಯ ಮಾಡಿಕೊಳ್ಳಬೇಕು. ಬರೆಯುವವನು ಪಳಗಿದವನೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಆದುದರಿಂದಲೇ ಚಿತ್ರವಿದ್ಯೆಗೆ ಹೊಸಬರಾದ ಅನೇಕರು ಈ ದಾರಿಯನ್ನು ಹಿಡಿದಿದ್ದಾರೆ.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವುವು. ಇಷ್ಟು ಕಿರಿದಾದ ಅವಕಾಶದಲ್ಲಿ ರಸಕ್ಕೆ ಎಡೆಯೆಲ್ಲಿ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವು ಕಾವ್ಯಮೀಮಾಂಸಕರಲ್ಲಿಯೇ ಉಂಟು. ಬಿಡಿಪದ್ಯವಾದ ಮುಕ್ತಕದಲ್ಲಿಯೂ ಪ್ರಬಂಧದಲ್ಲಿರುವಂತೆ ರಸವನ್ನು ನಿಲ್ಲಿಸುವ ಕವಿಗಳುಂಟೆಂದು ಆನಂದವರ್ಧನನು ಒಪ್ಪಿ, ಅಮರುಕನನ್ನು ನಿದರ್ಶನವಾಗಿ ಕೊಟ್ಟಿದ್ದಾನೆ. ನಾಲ್ಕು ಪಾದಗಳ ಮಿತಿಯು ಅಮರುಕನಿಗೆ ಬಾಧಕವಾಗದಿದ್ದ ಮೇಲೆ ಎರಡೂವರೆ ಅಂಗುಲದ ಮಿತಿಯು ಚಿತ್ರಕಾರನಿಗೆ ಏಕೆ ಬಾಧಕವಾಗಬೇಕು? ಕಲಿಯುವವನಿಗಂತೂ ಈ ಮಿತಿಯು ಉಪಕಾರಕವೇ ಸರಿ. ದೊಡ್ಡ ಪಟವನ್ನು ಆರಂಭಿಸಿ ನಡುವೆ ಕೈಬಿಡುವವನಿಗೆ ಆರಂಭದ ಅಭ್ಯಾಸವೊಂದೇ ಆಗುವುದು. ಚಿಕ್ಕ ಪತ್ರವನ್ನು ಬರೆಯುವವನಿಗೆ ಮುಗಿಸುವ ಅಭ್ಯಾಸವೂ ಆಗುವುದು. ಎಲ್ಲಿ ನಿಲ್ಲಿಸಬೇಕೆಂಬ ವಿವೇಕವು ಮುಗಿಸಿದವನಿಗಲ್ಲದೆ ಬಾರದು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ಅಪಕ್ವನಾದವನು ತನ್ನ ಅಭ್ಯಾಸದ ತುಣುಕನ್ನು ಬಚ್ಚಿಡಬೇಕೇ ಹೊರತು ಪರರ ಕೈಗೆ ಕೊಡುವುದು ಉಚಿತವೇ ಎಂಬುದು ಇದರ ಅಭಿಪ್ರಾಯ. ಈ ಸ್ಥಳದಲ್ಲಿ ಮಮ್ಮಟನು ಅಭ್ಯಾಸವೆಂಬುದನ್ನು ಹೇಗೆ ನಿರೂಪಿಸಿದ್ದಾನೆಂಬುದನ್ನು ನೆನೆಯಬೇಕು. ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿ ಕಾವ್ಯಕ್ಕೆ ಕಾರಣವೆಂದು ಹೇಳಿದ ಆತನು, ಅಭ್ಯಾಸವನ್ನು ಬರಿಯ ಆವೃತ್ತಿಯೆಂದು ತಿಳಿಯಲಿಲ್ಲ. ಕಾವ್ಯವನ್ನು ರಚಿಸುವುದನ್ನೂ ವಿಚಾರಿಸುವುದನ್ನೂ ಬಲ್ಲವರ ಶಿಕ್ಷೆಯಿಂದ ಮತ್ತೆಮತ್ತೆ ತೊಡಗುವುದೇ ಆತನ ಮತದಲ್ಲಿ ಅಭ್ಯಾಸ. ಏಕಾಂತದಲ್ಲಿ ಬರೆದು ಬಚ್ಚಿಡುವವನಿಗೆ ಆವೃತ್ತಿಯುಂಟು, ಶಿಕ್ಷೆಯಿಲ್ಲ. ಗುರುವಿನ ಸನ್ನಿಧಿಯು ದೊರೆಯದವನಿಗೆ, ತನ್ನಂತೆಯೇ ಕುಂಚವನ್ನು ಹಿಡಿದ ಮತ್ತೊಬ್ಬನ ದೃಷ್ಟಿಯಾದರೂ ದೊರೆಯಬೇಕಲ್ಲವೆ?

ವಿನಿಮಯದ ಮರ್ಮವು ಇಲ್ಲಿಯೇ ಇರುವುದು. ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಎರಡಾಗಿ ವಿಭಾಗಿಸಿದ್ದಾನೆ. ಮೊದಲನೆಯದು ರಚಿಸುವವನಿಗೆ, ಎರಡನೆಯದು ಸವಿಯುವವನಿಗೆ ಉಪಕರಿಸುವುದು. ಇವೆರಡೂ ಒಬ್ಬನಲ್ಲಿಯೇ ಕೂಡಿರಬಲ್ಲವೇ ಎಂಬ ವಿಷಯದಲ್ಲಿ ಮತಭೇದವನ್ನೂ ಆತನು ಕಾಣಿಸಿದ್ದಾನೆ. ಚಿತ್ರವನ್ನು ಮಾರುವಲ್ಲಿ ಕೊಳ್ಳುವವನು ರಚಿಸಬಲ್ಲವನಾಗಬೇಕಾದುದಿಲ್ಲ. ಆದರೆ ವಿನಿಮಯಚಿತ್ರದಲ್ಲಿ ಪ್ರತಿಯೊಬ್ಬನೂ ಒಂದೇ ಆಸನದಲ್ಲಿ ಕುಳಿತು ಎರಡು ಕಾರ್ಯಗಳನ್ನು ನಡೆಸಬೇಕು: ತನ್ನದನ್ನು ಮುಂದಿಡಬೇಕು, ಇತರರ ಹತ್ತಾರು ಪತ್ರಗಳಲ್ಲಿ ಒಂದನ್ನು ಆರಿಸಬೇಕು. ಆರಿಸುವಾಗ ತನ್ನ ಕೈಗೆ ಬಾರದ ರೇಖೆಯು ಇನ್ನೊಬ್ಬನಿಗೆ ಹೇಗೆ ಒಲಿಯಿತೆಂಬುದನ್ನು ಅವನ ಕಣ್ಣು ಕಲಿಯುವುದು; ತನ್ನ ಪತ್ರವನ್ನು ಯಾರೂ ಮುಟ್ಟದಿದ್ದಾಗ ಅದರ ದೋಷವು ಯಾರೂ ಹೇಳದೆಯೇ ತಿಳಿಯುವುದು.

ಪತ್ರಗಳು ಕೈಯಿಂದ ಕೈಗೆ ಹೋದಮಾತ್ರಕ್ಕೆ ಈ ಫಲವು ಸಿದ್ಧಿಸದೆಂಬುದಕ್ಕೆ ಗಂಜೀಫವೇ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂತಹ ಎಲೆಗಳ ಆಟಗಳನ್ನು ನಿರೂಪಿಸಿರುವುದು ವಿದ್ವಾಂಸರಿಗೆ ವಿದಿತವಾಗಿದೆ. ಆ ಎಲೆಗಳ ಚಿತ್ರಣವು ಮನೋಹರವಾದುದೇ. ಆದರೆ ಆಡುವವನು ಲೆಕ್ಕಿಸುವುದು ಎಲೆಯ ಬೆಲೆಯನ್ನೇ ಹೊರತು ರೇಖೆಯ ಗುಣವನ್ನಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವು ಜಪಾನಿನಲ್ಲಿ ದೊರೆಯುವುದು. 1765ರಲ್ಲಿ ಎಡೋ ನಗರದ ರಸಿಕರು ಚಿತ್ರಪಂಚಾಂಗಗಳನ್ನು ಮಾಡಿಸಿ ಕೂಟಗಳಲ್ಲಿ ಬದಲಾಯಿಸಿಕೊಳ್ಳುತ್ತಿದ್ದರು. ಒಬ್ಬರದನ್ನೊಬ್ಬರದು ಮೀರಿಸಬೇಕೆಂಬ ಅವರ ಪರೀಕ್ಷಕದೃಷ್ಟಿಯಿಂದಲೇ ಸುಜುಕಿ ಹರುನೊಬುವಿನ ಬಹುವರ್ಣ ಮುದ್ರಣಕಲೆಯು ಅರಳಿತು. ಕೈ ಬದಲಾದುದು ಎರಡು ಕಡೆಯೂ ಸಮಾನವೇ; ಕಲೆಯನ್ನು ಬೆಳೆಸಿದುದು ಆಯ್ಕೆ.

ಹೀಗಿರಲು, ಈಚೆಗೆ ರೂಢಿಗೆ ಬಂದಿರುವ ಒಂದು ಮಾರ್ಪಾಡು ಚಿಂತನೀಯವಾಗಿದೆ. ಅನೇಕರು ತಮ್ಮ ಪತ್ರಗಳನ್ನು ಅಂಚೆಯ ಮೂಲಕ ಒಬ್ಬ ಮಧ್ಯವರ್ತಿಗೆ ಕಳುಹಿಸುವರು. ಅವನು ಅವುಗಳನ್ನು ಕಲಸಿ, ಕಳುಹಿಸಿದಷ್ಟನ್ನೇ ಎಲ್ಲರಿಗೂ ಹಿಂದಿರುಗಿಸುವನು. ದೂರದಲ್ಲಿರುವವರಿಗೆ ಇದರಿಂದ ಸೌಕರ್ಯವುಂಟೆಂಬುದು ನಿಜ. ಆದರೆ ಇಲ್ಲಿ ಆರಿಸುವವನಿಲ್ಲ, ಆರಿಸಲ್ಪಡದೆ ಉಳಿಯುವುದೂ ಇಲ್ಲ. ಬಂದುದೆಲ್ಲವನ್ನೂ ಮೆಚ್ಚಿ ವಂದನೆಯನ್ನು ಬರೆಯುವುದೇ ಸೌಜನ್ಯವೆನಿಸುವುದು. ಭಾವಕರ ಭೇದಗಳನ್ನು ಎಣಿಸುವಲ್ಲಿ ರಾಜಶೇಖರನು ಅನ್ನದೊಡನೆ ಹುಲ್ಲನ್ನೂ ನುಂಗುವವನನ್ನು ಸತೃಣಾಭ್ಯವಹಾರಿ ಎಂದಿದ್ದಾನೆ. ಇಂತಹ ವಿನಿಮಯದಲ್ಲಿ ಆ ವರ್ಗವೊಂದೇ ಬೆಳೆಯುವುದು. ತತ್ತ್ವಾಭಿನಿವೇಶಿಯಾದ ಭಾವಕನಿಗೆ ಸ್ಥಳವಿಲ್ಲ.

ಇದರ ಪರಿಣಾಮವು ಚಿತ್ರಗಳಲ್ಲಿಯೇ ತೋರುವುದು. ಆಚಾರ್ಯರು ರೇಖೆಯನ್ನು ಮೆಚ್ಚುವರು, ವಿಚಕ್ಷಣರು ಛಾಯಾವಿನ್ಯಾಸವನ್ನು ಮೆಚ್ಚುವರು, ಸಾಮಾನ್ಯ ಜನರು ವರ್ಣಬಾಹುಳ್ಯಕ್ಕೆ ಮರುಳಾಗುವರು ಎಂಬ ಅಭಿಪ್ರಾಯವು ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿದೆ. ಪರೀಕ್ಷಕನಿಲ್ಲದೆಡೆಯಲ್ಲಿ ಬಣ್ಣದ ಕಾಗದದ ತುಂಡುಗಳೂ ಅಚ್ಚಿನ ಮುದ್ರೆಗಳೂ ರೇಖೆಯ ಸ್ಥಾನವನ್ನು ಆಕ್ರಮಿಸುವುವು. ಅಂಟಿಸುವುದೂ ಒಂದು ಕಲೆಯೇ ಆಗಬಹುದು. ಬರೆಯಲು ಕಲಿಯಬಂದವನು ಅದರ ಮರೆಯಲ್ಲಿ ಅಡಗಿದರೆ ನೂರು ಪತ್ರಗಳನ್ನು ಕೊಟ್ಟು ನೂರನ್ನು ಪಡೆದ ಬಳಿಕವೂ ಅವನ ಕೈ ಮೊದಲಿದ್ದಲ್ಲಿಯೇ ಇರುವುದು.

ಆದುದರಿಂದ ಮಾರಕೂಡದು, ಎದುರುಬದುರಾಗಿಯೇ ಬದಲಾಯಿಸಿಕೊಳ್ಳಬೇಕು ಎಂಬ ಜ್ಯೂರಿಕಿನ ನಿಯಮಗಳು ಕೇವಲ ಒಬ್ಬ ಕಲಾವಿದನ ಸ್ವಚ್ಛಂದವೃತ್ತಿಯಿಂದ ಹುಟ್ಟಿದುವೆಂದು ಭಾವಿಸಬಾರದು. ಮೊದಲನೆಯದು ಧನದ ಅಳತೆಯನ್ನು ದೂರವಿಟ್ಟಿತು. ಎರಡನೆಯದು ಕಣ್ಣಿನ ಅಳತೆಯನ್ನು ಉಳಿಸಿತು. ಒಂದನ್ನು ಪಾಲಿಸಿ ಮತ್ತೊಂದನ್ನು ಬಿಟ್ಟರೆ ಉಳಿಯುವುದು ಉಡುಗೊರೆ ಮಾತ್ರ. ಶಾಲೆಗಳಲ್ಲಿ ಚಿತ್ರವನ್ನೋ ಪದ್ಯರಚನೆಯನ್ನೋ ಕಲಿಸುವ ಉಪಾಧ್ಯಾಯರು ಈ ಪದ್ಧತಿಯನ್ನು ಕೈಕೊಳ್ಳುವುದಾದರೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ಸಹಪಾಠಿಯ ಕೃತಿಗಳಲ್ಲಿ ಒಂದನ್ನು ಆರಿಸಿ, ಆರಿಸಿದುದಕ್ಕೆ ಕಾರಣವನ್ನು ಹೇಳುವಂತೆ ಏರ್ಪಡಿಸಬೇಕು. ಆ ಕಾರಣವನ್ನು ಹುಡುಕುವಾಗಲೇ ಅವನು ಭಾವಕನಾಗುವನು. ಅದನ್ನು ನೆನೆದು ಮರುದಿನ ಕುಂಚವನ್ನು ಹಿಡಿದಾಗ ಅವನ ಅಭ್ಯಾಸವು ಮಮ್ಮಟನು ಹೇಳಿದ ಅರ್ಥದಲ್ಲಿ ಅಭ್ಯಾಸವಾಗುವುದು.